ತಲೆ, ತೊಗಲು

ಕಿವಿಯ ಹಿಂದೆ ಏನೋ ಹನಿಯಿತು, ಬೆವರೇ ಇರಬೇಕು, ಆದರೆ ಬೆವರು ಇಷ್ಟು ತಣ್ಣಗೆ, ಇಷ್ಟು ನಿಧಾನವಾಗಿ ಇಳಿಯುವುದಿಲ್ಲ — ಸತ್ಯವ್ವ ಕೈಯೆತ್ತಿ ಒರೆಸಲಿಲ್ಲ, ಒರೆಸಿದರೆ ಬೆರಳು ನೋಡಬೇಕಾಗುತ್ತದೆ, ನೋಡಿದರೆ ತಲೆಯ ಮೇಲಿನ ಬುಟ್ಟಿಯನ್ನು ಇಲ್ಲೇ ಈ ಬಾರಿಗಿಡದ ಬುಡದಲ್ಲಿ ಒಗೆದು ಕೂತುಬಿಡುತ್ತಾಳೆ, ಆಮೇಲೆ ಹಿಂದೆ ಬರುತ್ತಿರುವ ಮುದುಕ ಅಜ್ಜನಿಗೆ, ಮುತ್ಯಾನಿಗೆ, ಏನೆಂದು ಹೇಳುವುದು. ಬುಟ್ಟಿಯಲ್ಲಿ ಕೆಳಗೆ ತೊಗಲು, ತೊಗಲಿನ ಮೇಲೆ ತಲೆ, ತಲೆಗೆ ಕರಿಕಂಬಳಿ ಸುತ್ತಿದ್ದಾಳೆ, ಸುತ್ತಿದರೇನು, ತಿರುಚಿದ ಎರಡು ಕೋಡು ಕಂಬಳಿ ಮೀರಿ ಹೊರಗೆ ಬಂದಿವೆ, ಗಾಳಿ ಬೀಸಿದಾಗಲೆಲ್ಲ ಕೋಡು ಹಿಡಿದು ಯಾರೋ ಎಳೆದ ಹಾಗೆ ಬುಟ್ಟಿ ಒಂದು ಪಕ್ಕಕ್ಕೆ ವಾಲುತ್ತದೆ. ಚಿಗರಿ ಬಿದ್ದರೆ, ಜಿಂಕೆ ಯಾವುದೇ ಬೀಳಲಿ, ಮಾಂಸ ಜಾಗೀರದಾರರ ಹವೇಲಿಗೆ, ತಲೆ ತೊಗಲು ಬೇಟೆಗಾರನಿಗೆ, ಮುತ್ಯಾನ ಮುತ್ಯಾನ ಕಾಲದಿಂದ ಬಂದ ಪಾಲು, ಎಷ್ಟು ಸಲ ಹೊತ್ತಿಲ್ಲ ಇವಳು, ಹಾಡು ಹೇಳುತ್ತ ಹೊತ್ತಿದ್ದಾಳೆ, ಮುಂದೆ ಮುಂದೆ ಹೀರ್ಯಾ ಜಿಗಿಯುತ್ತಿದ್ದ, ಹಿಂದೆ ಮುತ್ಯಾ ಬಯ್ಯುತ್ತ ಬರುತ್ತಿದ್ದ. ಇವತ್ತು ಮುಂದೆ ಯಾರೂ ಇಲ್ಲ. ಇವತ್ತು ಬುಟ್ಟಿಯಲ್ಲಿರುವುದೇ ಹೀರ್ಯಾ, ಮನೆಯಲ್ಲಿ ಸಾಕಿದ ಗಂಡು ಚಿಗರಿ, ಕಾಡಿನ ಚಿಗರಿ ಹಿಡಿಯಲು ಜೊತೆಗೆ ಒಯ್ದವನೇ ಚಾಕುವಿಗೆ ಬಿದ್ದ, ಇದು ಮುತ್ಯಾನಿಗೆ ಗೊತ್ತಿಲ್ಲ, ಇವಳಿಗೆ ಗೊತ್ತು, ಊರು ಬರುವುದರೊಳಗೆ ಹೇಳಬೇಕು, ಹೇಗೆ ಹೇಳಬೇಕು, ಹೇಳಲೇಬೇಕೇ.

ಹೆಗಲ ಮೇಲೆ ಮುತ್ಯಾನ ಅಂಗೈ ಇದೆ. ಹೊತ್ತು ಇಳಿಯಿತೆಂದರೆ ಅವನಿಗೆ ದಾರಿ ಕಾಣುವುದಿಲ್ಲ, ಕಾಣುವುದಿಲ್ಲ ಅಂತ ಅವನು ಒಪ್ಪುವುದೂ ಇಲ್ಲ, ನಿನಗ ಬುಟ್ಟಿ ಭಾರ ಆಗ್ಯದ ಯವ್ವಾ, ಅದಕ್ಕ ಹಿಡಕೊಂಡೀನಿ, ಅನ್ನುತ್ತಾನೆ. ಹೆಗಲ ಅದುಮಿದರ ಭಾರ ಹ್ಯಾಂಗ ಕಡಿಮಿ ಆಗ್ತದ ಮುತ್ಯಾ ಅಂದರೆ, ನಿನ್ನ ಬಾಯಿ ಭಾಳ ಆಗ್ಯದ, ಅದಕ್ಕೇ ಆ ಭಾಲ್ಕಿಯ ಗಂಡ ನಿನ್ನ ಬಿಟ್ಟ, ಅನ್ನುತ್ತಾನೆ. ಅವನೆಲ್ಲಿ ಬಿಟ್ಟ, ಬಿಟ್ಟವಳು ನಾನು, ಅವನು ಇನ್ನೊಬ್ಬಳನ್ನು ತಂದು ಒಲೆಯ ಮುಂದೆ ಕೂರಿಸಿ ಇಕಿ ಕೈಕೆಳಗ ನೀ ಕೆಲಸ ಮಾಡಬೇಕು ಅಂದ ದಿನ ಸುಡುಸುಡುವ ಸಾರಿನ ಗಡಿಗೆ ಅವನ ಕಾಲ ಮೇಲೆ ಬಿಟ್ಟು ಭಾಲ್ಕಿಯಿಂದ ನಡೆದುಕೊಂಡೇ ಬಂದಳು, ಮುತ್ಯಾ ದೊಡ್ಡಿಯ ಬಾಗಿಲಲ್ಲಿ ನಿಂತಿದ್ದ, ಯಾಕ ಬಂದಿ ಅಂತ ಕೇಳಲಿಲ್ಲ, ಉಂಡಿಯೇನು ಅಂದ, ಅಷ್ಟೇ. ಆ ಅಂಗೈ ಇದು. ಬೆರಳ ಸಂದಿಯಲ್ಲಿ ಒಣಗಿದ ರಕ್ತ ಯಾರದೆಂದು ಅವನಿಗೆ ಗೊತ್ತಿಲ್ಲ. ಸತ್ಯವ್ವ, ಅಂದ ಈಗ ಹಿಂದಿನಿಂದ, ಮನಿಗಿ ಹೋದ ಮ್ಯಾಲ ದೊಡ್ಡಿ ಬಾಗಿಲ ಹಾಕಬ್ಯಾಡ, ತೆರದೇ ಇಡು, ಹೀರ್ಯಾ ರಾತ್ರಿ ಬಂದರ ಹೊರಗ ನಿಲ್ಲಬಾರದು. ಹೂಂ, ಅಂದಳು. ನೀರಿಡು. ಹೂಂ. ನಾಲ್ಕು ಕಡ್ಲಿ ಗಿಡ ಕಿತ್ತು ಹಾಕು, ದಣದು ಬಂದಿರ್ತಾನ. ಹೂಂ ಮುತ್ಯಾ. ಭಾಲ್ಕಿಯಲ್ಲಿ ಊರೇ ಕೇಳುವ ಹಾಗೆ ಒದರಿದ ಬಾಯಿ ಇದು, ಸಂತಪುರದ ಸಂತೆಯಲ್ಲಿ ತಕ್ಕಡಿ ಎಳೆದವನ ಮೀಸೆ ಹಿಡಿದ ಕೈ ಇದು, ಈಗ ಹೂಂ, ಹೂಂ, ಹೂಂ.

ಹೈದರಾಬಾದಿನಲ್ಲಿ ಮೂಸಿ ಹೊಳೆ ಉಕ್ಕಿ ಓಣಿ ಓಣಿಯೇ ಕೊಚ್ಚಿ ಹೋಯಿತಂತೆ ಅಂತ ಸಂತೆಯಲ್ಲಿ ಮಾತಾಡಿಕೊಳ್ಳುತ್ತಿದ್ದ ವರ್ಷ, ಆ ಮಳೆಯಲ್ಲೇ ತೊಗರಿ ಸಾಲಿನಲ್ಲಿ ಸಿಕ್ಕ ಮರಿ, ಮೊಲದಷ್ಟಿತ್ತು, ಎಡಗಿವಿಯನ್ನು ನಾಯಿ ಹರಿದಿತ್ತು. ಮುತ್ಯಾ ಕುರಿಯ ಕಾಲು ಹಿಡಿದು ನಿಂತ, ಇವಳು ಮರಿಯ ಬಾಯಿಗೆ ಕುರಿಯ ಮೊಲೆ ಕೊಟ್ಟಳು, ಕುರಿ ಒದೆಯಿತು, ಇವಳೂ ಕುರಿಗೆ ಒಂದು ಬಿಟ್ಟಳು, ಬರಬರುತ್ತ ಕುರಿಯೇ ಅದನ್ನು ನೆಕ್ಕತೊಡಗಿತು. ಕುರಿಗಳ ನಡುವೆ ಬೆಳೆದು ತಾನೂ ಕುರಿಯೇ ಅಂದುಕೊಂಡಿದ್ದ ಹೀರ್ಯಾ, ಕೋಡು ಬಂದು ಬೆನ್ನು ಕಪ್ಪಾದ ಮೇಲೆ ಕುರಿಗಳು ದೂರ ಸರಿಯತೊಡಗಿದವು, ಯಾಕೆಂದು ಅವನಿಗೆ ತಿಳಿಯಲಿಲ್ಲ, ಹೋಗಿ ಹೋಗಿ ಅವುಗಳ ನಡುವೆಯೇ ಮಲಗುತ್ತಿದ್ದ. ಸಂಜೆ ಮುತ್ಯಾ ಕಟ್ಟೆಯ ಮೇಲೆ ಕೂತರೆ ಸಾಕು, ಬಂದು ಎದುರು ನಿಲ್ಲುವನು, ಮುತ್ಯಾ ಅವನ ಗದ್ದದ ಕೆಳಗೆ ಅಂಗೈ ಇಟ್ಟರೆ ಕೊರಳು ಚಾಚಿ ಗದ್ದ ಎತ್ತಿ ಕಣ್ಣು ಮುಚ್ಚುವನು, ತುರಿಸು ಅಂತ, ತುರಿಸುವುದು ಬಿಟ್ಟರೆ ಮೂಗಿನಿಂದ ಅಂಗೈ ತಳ್ಳುವನು — ಬೇಡ, ಅದು ಬೇಡ, ಈಗ ಅದನ್ನು ನೆನೆಯಬಾರದು, ಕಲ್ಲು ನೋಡು, ಕಾಲ ಕೆಳಗೆ ಕೆಂಪು ಕಲ್ಲು, ಎಡವಿದರೆ ಬುಟ್ಟಿ ಉರುಳುತ್ತದೆ, ಕಲ್ಲು ಅದ ಮುತ್ಯಾ, ಕಾಲ ಎತ್ತಿ ಇಡು. ಕಾಣ್ತದ ನನಗ, ಅಂದ ಮುತ್ಯಾ, ಅಂದು ಅದೇ ಕಲ್ಲಿಗೆ ಎಡವಿದ.

ಕಾಣ್ತದ. ಮುಂಜಾನೆಯೂ ಹೀಗೇ ಅಂದ. ಉರುಲು ಹಾಕುವುದು ನನಗ ಬಿಡು, ಮೊದಲ ಕೈ ನಾ ಹಾಕ್ತೇನಿ, ಅಂದಳು ಇವಳು, ಹೆಣ್ಣಿನ ಕೈ ಹವೇಲಿ ಲೆಕ್ಕಕ್ಕ ಬರೂದಿಲ್ಲ ಹುಚ್ಚಿ, ಅಂದ ಅವನು, ನಿನ್ನ ಕಣ್ಣು ಪೊರಿ ಕಟ್ಟ್ಯಾವ ಮುತ್ಯಾ, ಅಂದಳು ಇವಳು, ನನ್ನ ಕೈಗಿ ಕಣ್ಣದಾವ, ನಡಿ, ಅಂದ. ಹವೇಲಿಯ ಮಹಮೂದಾ ಬೇಗಂ ಸಾಹೇಬರು ಗುಂಡಿಗೆ ಸತ್ತದ್ದನ್ನು ಮುಟ್ಟುವುದಿಲ್ಲ, ಚಿಗರಿಯನ್ನು ಜೀವಂತ ಹಿಡಿದು ಅವರ ಕಟುಕ ಮಕ್ಬೂಲನ ಚಾಕುವಿಗೆ ಕೊಡಬೇಕು, ಬಿಸ್ಮಿಲ್ಲಾ ಅಂದು ಅವನು ಕೊಯ್ಯಬೇಕು. ಅದಕ್ಕೇ ಸಾಕಿದ ಗಂಡು. ಅದರ ಕೋಡಿಗೆ ನರದ ಉರುಲು ಕಟ್ಟಿ ಹಿಂಡಿನ ಕಡೆ ಬಿಟ್ಟರೆ ಹಿಂಡಿನ ಕರಿಗಂಡು ತನ್ನ ನೆಲಕ್ಕೆ ಬಂದವನನ್ನು ಕಂಡು ಹಾಯ್ದು ಬರುತ್ತದೆ, ಕೋಡಿಗೆ ಕೋಡು ಸಿಕ್ಕುತ್ತದೆ, ಉರುಲು ಬಿಗಿಯುತ್ತದೆ, ಆಗ ಮುತ್ಯಾ ಓಡಬೇಕು, ಕಾಡಿನದರ ಮೇಲೆ ಮೊದಲ ಕೈ ಬೇಟೆಗಾರನದೇ ಬೀಳಬೇಕು. ಆ ಮೊದಲ ಕೈಗೆ ಇನಾಮು ಬಂದದ್ದು ಹಳ್ಳದ ದಂಡೆಯ ಎರೆಹೊಲ. ಕೈ ನಿಂತ ದಿನ ಹೊಲ ವಾಪಸು. ಹೊಲ ಹೋದರೆ ಮುತ್ಯಾ ಯಾರದೋ ಕುರಿ ಕಾಯಬೇಕು, ಕಣ್ಣಿಲ್ಲದವನಿಗೆ ಕುರಿ ಕೊಡುವವರು ಯಾರು, ಇವಳು ಮತ್ತೆ ಭಾಲ್ಕಿಗೆ ಹೋಗಿ ಆ ಒಲೆಯ ಮುಂದಿನವಳ ಕೈಕೆಳಗೆ ಎಂಜಲು ಬಳಿಯಬೇಕು, ಸಾಯುವುದು ವಾಸಿ. ಯಾವನೋ ಹೊಟ್ಟೆಕಿಚ್ಚಿನವನು ಹೋಗಿ ಹೇಳಿದ್ದಾನೆ, ಮುದುಕ ಧೊಂಡಿಬಾಗ ಕಣ್ಣು ಕಾಣೂದಿಲ್ಲಂತ, ಇಲ್ಲದಿದ್ದರೆ ಇವತ್ತು ಬೀದರದಿಂದ ಮಕ್ಬೂಲನ ಜೊತೆ ಹವೇಲಿಯ ಲೆಕ್ಕ ನೋಡುವ ದಾರೋಗಾ ಸಾಹೇಬ ಯಾಕೆ ಕುದುರೆ ಏರಿ ಬರಬೇಕಿತ್ತು. ಏನಪಾ ಧೊಂಡಿಬಾ, ನಜರ್ ಹ್ಯಾಂಗದ, ಅಂದ ದಾರೋಗಾ. ನಿಮ್ಮ ದುವಾ ಸಾಹೇಬ್ರ, ನೀವು ಮೀಸಿಗಿ ಹಚ್ಚಿದ ಮೆಹೆಂದಿ ಸುದ್ದಾ ಕಾಣಲತ್ತದರಿ, ಅಂದ ಮುತ್ಯಾ. ವಾಸನೆ ಹಿಡಿದು ಹೇಳಿದ ಮುದುಕ, ಕಂಡಿದ್ದಲ್ಲ, ಮಕ್ಬೂಲ ನಕ್ಕ, ದಾರೋಗಾ ಮೀಸೆ ಮುಟ್ಟಿಕೊಂಡ. ಹೊಲದಂಚಿಗೆ ನಿಂತ ಮೇಲೆ ಇವಳೇ ಹರಟೆ ಹೊಡೆದ ಹಾಗೆ ಒದರಿದಳು, ನೋಡು ಮುತ್ಯಾ, ಕರಿಗಂಡು ಆ ಬನ್ನಿಗಿಡದ ಬಲಕ್ಕ ಹ್ಯಾಂಗ ಸೊಕ್ಕಿಲೆ ನಿಂತದ, ಅಂತ, ಮುತ್ಯಾ ಅದನ್ನೇ ಹಿಡಿದು, ಹೌದು ಸಾಹೇಬ್ರ, ಬನ್ನಿಗಿಡದ ಬಲಕ್ಕ, ಅಲ್ಲೇ ಬಿಡೂಣು, ಅಂದ. ಮುಂಜಾನೆಯೆಲ್ಲ ಇವಳ ಬಾಯಿಯೇ ಅವನ ಕಣ್ಣಾಗಿತ್ತು. ಬೇಕಾದ ಒಂದು ಗಳಿಗೆಯಲ್ಲಿ ಮಾತ್ರ ಈ ಬಾಯಿ —

ಸೆರಗಿನ ಗಂಟು ಹೊಟ್ಟೆಗೆ ಬಡಿಯುತ್ತಿದೆ, ಗಂಟಿನಲ್ಲಿ ಹೀರ್ಯಾನ ಕೊರಳಪಟ್ಟಿ, ನೀಲಿಮಣಿ ಪೋಣಿಸಿದ್ದು, ಬಿಡುವ ಮುಂಚೆ ಇವಳೇ ಬಿಚ್ಚಿ ಕಟ್ಟಿಕೊಂಡಳು, ಮಣಿ ಕಂಡರೆ ಕಾಡಿನದು ಬೆದರುತ್ತದೆ. ಬಿಚ್ಚದೇ ಇದ್ದಿದ್ದರೆ. ಹೀರ್ಯಾ ಕೊಯ್ದ ಜೋಳದ ಕೂಳೆ ದಾಟಿ ಹೋದ, ಒಮ್ಮೆ ತಿರುಗಿ ನೋಡಿದ, ಹೋಗು ಅಂತ ಇವಳು ಕೈ ಬೀಸಿದಳು, ಕರಿಗಂಡು ತಲೆ ಬಗ್ಗಿಸಿ ಬಂತು, ಠಕ್ಕೆಂದ ಸದ್ದು ಇಲ್ಲಿಯವರೆಗೆ ಬಂತು, ಧೂಳು ಎದ್ದಿತು, ಧೂಳಿನಲ್ಲಿ ಎರಡು ಕಪ್ಪು ಬೆನ್ನು ಗಾಣದ ಹಾಗೆ ಸುತ್ತುತ್ತಿದ್ದವು. ಓಡು ಮುತ್ಯಾ, ನಿನ್ನ ಮೂಗಿನ ನೆಟ್ಟಗ, ಅಂದಳು, ಮುದುಕ ಓಡಿದ, ಆ ವಯಸ್ಸಿಗೆ ಆ ಓಟ, ಇವಳ ಸೀರೆ ಬಾರಿಮುಳ್ಳಿಗೆ ಸಿಕ್ಕಿತು, ಹರಿದುಕೊಂಡು ಓಡಿದಳು, ಅಷ್ಟರಲ್ಲಿ ಎರಡೂ ಬಿದ್ದಿದ್ದವು, ಬಾಯಿಗೆ ನೊರೆ, ಮೈಗೆಲ್ಲ ಕೆಂಪು ಧೂಳು, ಒಂದೇ ಗರ್ಭದವು ಅನ್ನುವ ಹಾಗೆ. ಯಾವುದು ಬಾಬಾ, ಜಲ್ದಿ ಹೇಳು, ಅಂದ ಮಕ್ಬೂಲ ಚಾಕು ತೆಗೆದು. ಮುತ್ಯಾ ಎರಡರ ಕೋಡಿನ ಬುಡಕ್ಕೂ ಕೈಯಾಡಿಸಿದ. ಉರುಲು ಇದ್ದದ್ದು ನಮ್ಮದು, ಅಷ್ಟೇ ಅವನ ಲೆಕ್ಕ, ಅವನೇ ಹೀರ್ಯಾನ ಕೋಡಿಗೆ ಕಟ್ಟಿದ ಗಂಟು, ಕತ್ತಲಲ್ಲೂ ಬಲ್ಲ ಗಂಟು, ಎಷ್ಟು ವರ್ಷ ಆ ಲೆಕ್ಕ ತಪ್ಪಿಲ್ಲ. ಇವತ್ತು ಆ ಜಗ್ಗಾಟದಲ್ಲಿ ಉರುಲು ಹೀರ್ಯಾನ ಕೋಡಿನಿಂದ ಕಳಚಿ ಕಾಡಿನದರ ಕೋಡಿಗೆ ಸುತ್ತಿಕೊಂಡಿತ್ತು. ಇದು ನಮ್ಮದು, ಬಿಡ್ರಿ ಇದನ್ನ, ಅಂದು ಮುತ್ಯಾ ಉರುಲು ಸಡಿಲಿಸಿದ, ಅದು ಕಾಲು ಝಾಡಿಸಿ ಎದ್ದು ಹೋಯಿತು, ಇದು ಕಾಡಿನದು, ಅಂದು ಇನ್ನೊಂದನ್ನು ಅದುಮಿ ಹಿಡಿದ. ಎಡಗಿವಿ ಹರಿದದ್ದು ಇವಳಿಗೆ ಕಂಡಿತು. ಬಾಯಿ ತೆರೆದಳು. ಬೆನ್ನಿಗೆ ಕುದುರೆಯ ಉಸಿರು ಬಿಸಿಯಾಗಿ ತಾಗಿತು, ದಾರೋಗಾ ಕುದುರೆಯ ಮೇಲಿಂದ ಬಗ್ಗಿ ನೋಡುತ್ತಿದ್ದ, ಅವನು ಬಂದದ್ದೇ ಇದನ್ನು ನೋಡಲಿಕ್ಕೆ, ಮುತ್ಯಾ, ಅದಲ್ಲ, ಅಂತ ಇವಳು ಅಂದರೆ ಆಯಿತು, ಹೀರ್ಯಾ ಉಳಿದ, ಹೊಲ ಹೋಯಿತು, ಮುದುಕ ಕುರುಡ ಅಂತ ಬೀದರದವರೆಗೆ ಡಂಗುರ, ಭಾಲ್ಕಿ, ಒಲೆ, ಎಂಜಲು, ಒಂದು ಉಸಿರಿನಷ್ಟೇ ಹೊತ್ತು, ತೆರೆದ ಬಾಯಿ ಮುಚ್ಚಿಕೊಂಡಳು. ಬಿಸ್ಮಿಲ್ಲಾ, ಅಂದ ಮಕ್ಬೂಲ. ಮುತ್ಯಾ ಅಂಗೈಯನ್ನು ಗದ್ದದ ಕೆಳಗೆ — ನೋಡಲಿಲ್ಲ, ಇವಳು ಆಮೇಲಿನದು ನೋಡಲಿಲ್ಲ, ಹೊಲ ನೋಡಿದಳು, ಗಿಡ ನೋಡಿದಳು, ನೋಡಲಿಲ್ಲ.

ನಿಮ್ಮ ಸಾಕಿದ್ದು ಓಡೇ ಬಿಡ್ತಲ್ಲೋ, ಅಂದ ದಾರೋಗಾ ನಗುತ್ತ. ಬರ್ತದರಿ ಸಾಹೇಬ್ರ, ಮನಿ ದಾರಿ ಗೊತ್ತದ ಅದಕ್ಕ, ಅಂದ ಮುತ್ಯಾ, ದನಿ ಸ್ವಲ್ಪ ದೊಡ್ಡದಾಗಿಯೇ ಇತ್ತು, ಕೈಗೆ ಮಣ್ಣು ತಿಕ್ಕಿಕೊಳ್ಳುತ್ತಿದ್ದ, ತಿಕ್ಕಿ ತಿಕ್ಕಿ. ಯಾರು ಹೇಳಿದ್ರೋ ನಿನ್ನ ಕಣ್ಣು ಹೋಗ್ಯಾವಂತ, ಹೊಲ ಉಳು ಹೋಗು, ನಿಂದೇ ಅದ, ಅಂದು ದಾರೋಗಾ ನೆರಳಿಗೆ ಹೋದ. ಬನ್ನಿಗಿಡದ ಕೆಳಗೆ ಮಕ್ಬೂಲ ತೊಗಲು ಬಿಡಿಸುತ್ತಿದ್ದ, ಇವಳು ನೀರು ಹಾಕಲು ಕೂತಿದ್ದಳು, ಕೊರಳಿನ ಸುತ್ತ ಪಟ್ಟಿ ತಿಕ್ಕಿ ಕೂದಲು ಹೋದ ಗೆರೆ ಇತ್ತು, ಮಕ್ಬೂಲನ ಚಾಕು ಅಲ್ಲಿಗೆ ಬಂದು ನಿಂತಿತು. ಹೋದ ಸಲ ಬಂದಾಗ ಇದೇ ಮಕ್ಬೂಲ ಹೀರ್ಯಾನಿಗೆ ಬೆಲ್ಲ ತಿನ್ನಿಸಿದ್ದ, ಇವಂಗ ಹವೇಲಿಗಿ ಒಯ್ದು ನನ್ನ ಮಗಳ ಕೂಡ ಲಗ್ನ ಮಾಡ್ತೀನಿ ಅಂತ ಚೇಷ್ಟೆ ಮಾಡಿದ್ದ. ಇವಳ ಕಡೆ ನೋಡಿದ. ಸತ್ಯವ್ವಾ, ಅಂದ ಸಣ್ಣಗೆ. ಇವಳು ನೀರು ಸುರಿದಳು. ಅವನ ತುಟಿ ಅಲುಗಿತು, ಆಮೇಲೆ ಕತ್ತು ತಿರುಗಿಸಿ, ಗಂಡು ಭಾಳ ಜೋರದ ಸಾಹೇಬ್, ಬೇಗಂ ಸಾಹೇಬ್ರು ಖುಷ್ ಆಗ್ತಾರ, ಅಂತ ದಾರೋಗಾನಿಗೆ ಕೇಳುವ ಹಾಗೆ ಕೂಗಿದ, ತೊಗಲನ್ನು ಕೂದಲು ಒಳಗಾಗುವ ಹಾಗೆ ಮಡಿಚಿ ಇವಳ ಬುಟ್ಟಿಗೆ ಇಟ್ಟ, ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ಇಟ್ಟ, ಮಗುವನ್ನು ತೊಟ್ಟಿಲಿಗೆ ಇಡುವ ಹಾಗೆ, ಜನವಾಡದ ದಾರಿ ಹಿಡಿದು ಹೋಗುವಾಗ ಒಮ್ಮೆಯೂ ತಿರುಗಿ ನೋಡಲಿಲ್ಲ. ಅವನಿಗೂ ಗೊತ್ತು. ಮುತ್ಯಾ ಒಬ್ಬನಿಗೇ ಗೊತ್ತಿಲ್ಲ, ಕೊಯ್ಯಲು ಹಿಡಿದುಕೊಟ್ಟವನಿಗೇ ಗೊತ್ತಿಲ್ಲ, ರಾತ್ರಿಯೆಲ್ಲ ದೊಡ್ಡಿ ಬಾಗಿಲು ತೆರೆದಿಟ್ಟು ಕಾಯುತ್ತಾನೆ, ನಾಳೆ ಕಾಯುತ್ತಾನೆ, ಕಾಲ ಸಪ್ಪಳ ಕೇಳಿದಾಗಲೆಲ್ಲ ಹೀರ್ಯಾ ಏನು ನೋಡು ಅನ್ನುತ್ತಾನೆ, ಈ ತಲೆಯನ್ನು ಅದೇ ಮನೆಯ ಗೋಡೆಗೆ ತೂಗುಹಾಕಿ ಅದರ ಕೆಳಗೆ ಕೂತು ಕಾಯುತ್ತಾನೆ, ಇದನ್ನು ಇವಳು ನೋಡುತ್ತಿರಬೇಕು, ಬರುವ ವರ್ಷ ದಾರೋಗಾ ಮತ್ತೆ ಬರುತ್ತಾನೆ, ಆಗ ಯಾರ ಕೋಡಿಗೆ ಉರುಲು ಕಟ್ಟುವುದು, ಒಂದು ವರ್ಷದ ಹೊಲಕ್ಕೆ, ಒಂದು ಬೆಳೆಗೆ, ಥೂ.

ಕಾಲಿಗೆ ಮೆತ್ತನೆಯ ಮಣ್ಣು ತಾಗಿತು, ಹಳ್ಳದ ತಂಪು ಬಂತು, ಕಡಲೆಯ ಹುಳಿ ವಾಸನೆ. ನಮ್ಮ ಹೊಲ ಬಂತಲ್ಲ, ಅಂದ ಮುತ್ಯಾ, ಬಗ್ಗಿ ಹೆಂಟೆ ಎತ್ತಿ ಬೆರಳಲ್ಲಿ ಪುಡಿ ಮಾಡಿದ, ಹೀರ್ಯಾ ಬರೂ ಹೊತ್ತಿಗಿ ಬಾಗಿಲ ಮಾತ್ರ ಮರೀಬ್ಯಾಡ ಯವ್ವಾ, ಅಂದ. ಅಷ್ಟೇ ಸಾಕಾಯಿತು. ಬುಟ್ಟಿ ಇಳಿಸಿದಳು, ಇಳಿಸಿದ್ದೋ ಎತ್ತಿ ಹಾಕಿದ್ದೋ, ಕಂಬಳಿ ಕಿತ್ತು ಒಗೆದಳು, ಯಾವ ಬಾಗಿಲ ಮುದುಕಾ, ಅಂದಳು, ಯಾರಿಗಿ ತೆರೀಲಿ ಬಾಗಿಲ, ಇಲ್ಲಿ ಅದಾನ ನೋಡು ನಿನ್ನ ಹೀರ್ಯಾ, ಕಿವಿ ಮುಟ್ಟಿ ನೋಡು, ಕೈಗಿ ಕಣ್ಣದಾವ ಅಂತೀ ಅಲ್ಲ, ನೋಡು ನಿನ್ನ ಕೈಯ ಕಣ್ಣು ಏನು ಮಾಡ್ಯಾವ. ಹಳ್ಳದ ಆಚೆ ಟಿಟ್ಟಿಭವೊಂದು ಕೂಗಿ ಸುಮ್ಮನಾಯಿತು. ಮುತ್ಯಾ ಕೂತ. ಮುದುಕ ಈಗ ಬೀಳುತ್ತಾನೆ, ಎದೆ ಹಿಡಿದುಕೊಳ್ಳುತ್ತಾನೆ ಅಂತ ಇವಳು ಕೈ ಚಾಚಿದಳು, ಬೀಳಲಿಲ್ಲ, ಕಿವಿಯನ್ನೂ ಮುಟ್ಟಲಿಲ್ಲ. ಗೊತ್ತದ, ಅಂದ. ಏನು ಗೊತ್ತದ. ಗೊತ್ತದ ಯವ್ವಾ, ಅಲ್ಲೇ ಗೊತ್ತಾಗ್ಯದ, ನಿನಗ ಗೊತ್ತಿಲ್ಲಂತ ತಿಳಿದಿದ್ದೆ, ರಾತ್ರಿ ಬಾಗಿಲ ತೆರದಿಟ್ಟು ಮುಂಜಾನಿ ತ್ವಾಳ ಒಯ್ದಿರಬೇಕು ಅಂತ ಹೇಳಾಂವಿದ್ದೆ ನಿನಗ. ಅಲ್ಲೇ ಅಂದರ ಯಾವಾಗ, ಚಾಕು ಇಡೂಕ್ಕಿಂತ ಮೊದಲೋ ಆಮ್ಯಾಲೋ, ಅಂದಳು. ಮೊದಲ, ಅಂದ ಮುತ್ಯಾ. ಕುದುರಿ ಸಪ್ಪಳ ನನ್ನ ಬಾಜೂಕೇ ಇತ್ತು. ಕಾಡಿನದು ಗದ್ದ ಎದಿಗಿ ಒತ್ತಿ ಹಿಡೀತದ, ಎತ್ತಬೇಕಾದರ ಎರಡೂ ಕೈ ಹಾಕಿ ಜಗ್ಗಬೇಕು, ನಾ ಇನ್ನಾ ಅಂಗೈ ಇಟ್ಟಿದ್ದೆ ಅಷ್ಟೇ. ನಾ ಎತ್ತಲಿಲ್ಲ ಯವ್ವಾ. ತಾನೇ ಎತ್ತಿದ.

ಕಡಲೆ ಕೊಯ್ಲಿಗೆ ಬಂದಿದೆ, ಈ ವಾರ ಕೀಳಬೇಕು, ಬೆಳಗ್ಗೆ ಕುರಿಗಳನ್ನು ಹಳ್ಳಕ್ಕೆ ಹೊಡೆಯಬೇಕು, ಹರಿದ ಸೀರೆ ಹೊಲಿಯಬೇಕು, ತೊಗಲಿಗೆ ಉಪ್ಪು ಬೇಕು, ಉಪ್ಪು ತರಲು ಸಂತಪುರಕ್ಕೆ ಹೋಗಬೇಕು, ಮುತ್ಯಾ ಅಂಗೈಯನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಕೂತಿದ್ದಾನೆ, ಏಳು ಅನ್ನಬೇಕು, ಮನೆಗೆ ಹೋಗೋಣ ಅನ್ನಬೇಕು, ಬುಟ್ಟಿ ಎತ್ತಬೇಕು, ಇವಳು ನೋಡಿದ್ದಳು, ಹೊಲವನ್ನಲ್ಲ, ಗಿಡವನ್ನಲ್ಲ, ನೋಡಿದ್ದಳು, ಧೂಳು, ಕುದುರೆಯ ಉಸಿರು, ಬಿಸ್ಮಿಲ್ಲಾ, ಗದ್ದದ ಕೆಳಗೆ ಅಂಗೈ, ಆ ಅಂಗೈಯ ವಾಸನೆ ಹೀರ್ಯಾನಿಗೆ ಗೊತ್ತು, ಕೊರಳು ಚಾಚಿದ, ಗದ್ದ ಎತ್ತಿದ, ತುರಿಸು ಅಂತ, ಕಣ್ಣು ಮುಚ್ಚಿದ, ಗದ್ದ ಎತ್ತಿ ಕಣ್ಣು ಮುಚ್ಚಿದ, ಗದ್ದ ಎತ್ತಿ